ಯಾರ ನೆರಳ್ರಿ, ಟೀಚರ್?

ಹನ್ನೊಂದು ವರ್ಷದ ಹುಡುಗಿಯೊಬ್ಬಳು ನನ್ನ ಬಾಯಿ ಮುಚ್ಚಿಸಿದ ಕತೆ ಹೇಳುತ್ತೇನೆ, ಕೇಳಿ.

ಬಾಯಿ ಮುಚ್ಚಿಸುವುದು ನಿಜವಾಗಿ ನನ್ನ ಕೆಲಸ. ಹದಿಮೂರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. (ಡೌಟ್ ಇದ್ದರೆ ಸೇಡಂನ ನಮ್ಮ ಶಾಲೆಯ ಯಾವ ಹುಡುಗಿಯನ್ನಾದರೂ ಕೇಳಿ.) ಅಂಥ ನಾನು ಹಿಂದಿನ ವಾರ ಆರನೇ ಕ್ಲಾಸಿನಲ್ಲಿ, ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡು, ಉತ್ತರ ಹೊಳೆಯದೆ ನಿಂತುಬಿಟ್ಟೆ.

ತಪ್ಪು ನನ್ನದೇ. ಅಂಕಿತನಾಮದ ಪಾಠ ಬೇಗ ಮುಗಿದಿತ್ತು. ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಸುಮ್ಮನೆ ಕೂತರೆ ಈ ಹುಡುಗಿಯರು ಮಾಳಿಗೆ ಕಿತ್ತಿಡುತ್ತಾರೆ. ಅದಕ್ಕೆ ಹೇಳಿದೆ: "ನಾಳೆ ಎಲ್ಲರೂ ನಿಮ್ಮ ನಿಮ್ಮ ಹೆಸರಿನ ಅರ್ಥ ಮನೆಯಲ್ಲಿ ಕೇಳಿಕೊಂಡು ಬರ್ರಿ."

ಮರುದಿನದ ಕ್ಲಾಸನ್ನು ನೀವು ನೋಡಬೇಕಿತ್ತು. ಅರ್ಧ ಹುಡುಗಿಯರು ಅಜ್ಜಿಯ ಹೆಸರು ಹೊತ್ತವರು. ಅರ್ಥವೇನು ಎಂದರೆ, "ನಮ್ಮಾಯಿ ಹೆಸರ್ರಿ." ಆಯಿಗೆ ಯಾಕೆ ಆ ಹೆಸರು? "ಅವರ ಆಯಿ ಹೆಸರ್ರಿ." ಹೀಗೇ ಹೋದರೆ ಎಲ್ಲಿಗೆ ಮುಟ್ಟುತ್ತೇವೆ? ಹುಸೇನಮ್ಮ ಎಂಬ ಹುಡುಗಿ ಇದ್ದಾಳೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. "ದರ್ಗಾಕ್ಕ ಹರಕಿ ಹೊತ್ತ ಮ್ಯಾಲ ನಾ ಹುಟ್ಟೀನ್ರಿ" ಅಂದಳು. ಯಾರೂ ಹುಬ್ಬು ಏರಿಸಲಿಲ್ಲ. ನಮ್ಮ ಕಡೆ ಹುಬ್ಬು ಏರಿಸುವಂಥ ಸಂಗತಿಯೇ ಅಲ್ಲ ಅದು. ಶಿವಲಿಂಗಮ್ಮ ಮಾತ್ರ ಬರಿಗೈಯಲ್ಲಿ ಬಂದಿದ್ದಳು. ಯಾಕಮ್ಮ? "ನಂಗ ಮುತ್ಯಾನ ಹೆಸರಿಟ್ಟಾರ್ರಿ. ನಮ್ಮವ್ವ ಮಾವನ ಹೆಸರ ಬಾಯಲೆ ಅನ್ನಂಗಿಲ್ಲ. ಅಂದ ಮ್ಯಾಲ ಅರ್ಥ ಹ್ಯಾಂಗ ಹೇಳ್ತಾಳ್ರಿ?" ಹೆತ್ತ ತಾಯಿ ಹನ್ನೊಂದು ವರ್ಷಗಳಿಂದ ಮಗಳನ್ನು "ಏ ಸಣ್ಣಾಕಿ" ಎಂದೇ ಕರೆಯುತ್ತಿದ್ದಾಳಂತೆ. ಬೈಯಬೇಕಾದರೂ ಹೆಸರು ಬಿಟ್ಟೇ ಬೈಯಬೇಕು. ಮಾವನ ಹೆಸರಿಗೆ ಬೈಗುಳ ಹತ್ತಬಾರದಲ್ಲ?

ಆಮೇಲೆ ಎದ್ದಳು ಸಾಕಮ್ಮ. ಈ ಹುಡುಗಿಗೆ ಹೆದರಿಕೆ ಎಂಬುದನ್ನು ಯಾರೂ ಕಲಿಸಿಲ್ಲ. "ನಮ್ಮವ್ವಗ ನಾ ನಾಲ್ಕನೇ ಹೆಣ್ಣರಿ. ಹೆಣ್ಣ ಸಾಕು ಅಂತ ಸಾಕಮ್ಮ ಅಂದ್ರು. ಮುಂದ ಮತ್ತ ಇಬ್ಬರು ಹುಟ್ಟಿದ್ರು, ಇಬ್ಬರೂ ಹೆಣ್ಣೇ." ಕ್ಲಾಸೆಲ್ಲ ನಕ್ಕಿತು. ಆಕೆಯೂ ನಕ್ಕಳು. ನಗು ನಿಂತ ಮೇಲೆ ಕೂರಲಿಲ್ಲ, ನನ್ನನ್ನೇ ನೋಡುತ್ತ ಕೇಳಿದಳು: "ನಿಮ್ಮ ಹೆಸರಿಂದೇನ್ರಿ, ಟೀಚರ್?"

"ಛಾಯಾ ಅಂದರೆ ನೆರಳು" ಅಂದೆ, ಸ್ವಲ್ಪ ಜಂಬದಿಂದಲೇ.

"ಯಾರ ನೆರಳ್ರಿ?"

ನೋಡಿ, ಅಲ್ಲೇ ನಾನು ಸಿಕ್ಕಿಬಿದ್ದದ್ದು. ನೆರಳು ಅಂದ ಮೇಲೆ ಯಾರದ್ದಾದರೂ ಇರಲೇಬೇಕು. ಗಿಡದ್ದು, ಗೋಡೆಯದ್ದು, ಮನುಷ್ಯರದ್ದು. ಬರೀ ನೆರಳು ಎಂಬುದು ಎಲ್ಲಿರುತ್ತದೆ? ಮೂವತ್ತೆರಡು ವರ್ಷ ಈ ಹೆಸರನ್ನು ಹಾಜರಿ ಪುಸ್ತಕದಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಎಲ್ಲ ಕಡೆ ಬರೆದಿದ್ದೇನೆ. ಒಮ್ಮೆಯೂ ಈ ಪ್ರಶ್ನೆ ತಲೆಗೆ ಬರಲಿಲ್ಲವೇ? ಗಂಟೆ ಹೊಡೆದು ನನ್ನ ಮಾನ ಉಳಿಸಿತು.

ಹೆಸರು ಅಂದರೆ ಏನು ಮಹಾ, ಎಂದು ನನಗೇ ಸಮಾಧಾನ ಹೇಳಿಕೊಂಡೆ. ನಾನು ಹುಟ್ಟಿದಾಗ ನಮ್ಮ ಶಹಾಬಾದ್ ಹೈದರಾಬಾದ್ ರಾಜ್ಯದಲ್ಲಿತ್ತು. ಶಾಲೆಗೆ ಹೋಗುವಷ್ಟರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನೌಕರಿಗೆ ಸೇರಿದ ಮೇಲೆ ಕರ್ನಾಟಕವಾಯಿತು. ನಾವೇನು ಎದ್ದು ಎಲ್ಲಿಗಾದರೂ ಹೋಗಿದ್ದೆವೇ? ಅದೇ ಓಣಿ, ಅದೇ ಫರಸಿ ಕಲ್ಲಿನ ಕಟ್ಟೆ, ಅದೇ ಬಿಸಿಲು. ಆದರೂ ಸಾಕಮ್ಮನ ಪ್ರಶ್ನೆ ಬಿಡಲಿಲ್ಲ. ಬಾಯಲ್ಲಿ ಸಿಕ್ಕಿಕೊಂಡ ಜೋಳದ ಸಿಪ್ಪೆಯ ಹಾಗೆ ಕಾಡಿತು.

ಸ್ಟಾಫ್ ರೂಮಿನಲ್ಲಿ ನಮ್ಮ ಕನ್ನಡ ಪಂಡಿತರು ಚಹಾ ಬಟ್ಟಲಿಗೆ ಸುರಿದುಕೊಂಡು ಆರಿಸುತ್ತಿದ್ದರು. ರಿಟೈರ್ ಆಗಲು ಬಂದವರು, ಪುರಾಣದ ಕತೆ ಕೇಳಿದರೆ ಸಾಕು, ಚಹಾವನ್ನೂ ಮರೆಯುವವರು. ಅವರ ಮುಂದೆ ಕೂತೆ.

"ಪಂಡಿತರೇ, ಛಾಯಾ ಅಂದರೆ ಯಾರ ನೆರಳು?"

"ಸಂಜ್ಞಾಳ ನೆರಳ್ರಿ" ಅಂದರು, ನಿನ್ನೆ ಮೊನ್ನೆ ಪಕ್ಕದ ಮನೆಯಲ್ಲಿ ನಡೆದದ್ದು ಎನ್ನುವ ಹಾಗೆ. "ಸೂರ್ಯದೇವರ ಹೇಣ್ತಿ."

ಕತೆ ಹೀಗಿದೆ. ಸೂರ್ಯನ ಹೆಂಡತಿ ಸಂಜ್ಞಾ. ಮಕ್ಕಳೂ ಆಗಿದ್ದವು. ಆದರೆ ಗಂಡನ ಝಳ ತಡೆಯುವುದು ಹೇಗೆ? (ನಮ್ಮ ಮೇ ತಿಂಗಳನ್ನು ಉಂಡವರಿಗೆ ಈ ಹೆಣ್ಣುಮಗಳ ಕಷ್ಟ ಹೇಳಿಕೊಡಬೇಕಿಲ್ಲ.) ಒಂದು ದಿನ ಆಕೆ ತನ್ನ ನೆರಳನ್ನೇ ಎಬ್ಬಿಸಿ ನಿಲ್ಲಿಸಿದಳು. ಅದೇ ಛಾಯಾ. "ನನ್ನ ಮಕ್ಕಳನ್ನು ನೋಡಿಕೋ, ಯಾರಿಗೂ ಹೇಳಬೇಡ" ಎಂದು ಮನೆ ಒಪ್ಪಿಸಿ ಹೊರಟುಹೋದಳು. ಛಾಯಾ ಆ ಮನೆಯಲ್ಲಿ ಉಳಿದಳು. ಮಕ್ಕಳನ್ನು ಸಾಕಿದಳು. ಸೂರ್ಯನಿಗೆ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ. (ಗಂಡಸರು ಯಾವ ಲೋಕದಲ್ಲಿದ್ದರೂ ಗಂಡಸರೇ.)

"ಮುಂದೆ?"

ಪಂಡಿತರು ಚಹಾ ಕುಡಿದರು. "ಮುಂದಿಂದು ಬ್ಯಾಡ ಬಿಡ್ರಿ, ಮೇಡಂ. ಅಷ್ಟು ಛಲೋ ಇಲ್ಲ."

ಬೇಡ ಅಂದರೆ ಬಿಡುವವಳೇ ನಾನು? ಒತ್ತಾಯಿಸಿದೆ. ಮುಂದೆ ಛಾಯಾಳಿಗೂ ಮಕ್ಕಳಾದವು. ಶನಿದೇವರು ಆಕೆಯ ಮಗನೇ. ಆಮೇಲೆ ಆಕೆಯ ಮನಸ್ಸು ತನ್ನ ಮಕ್ಕಳ ಕಡೆ ವಾಲಿತು. ಸಂಜ್ಞಾಳ ಮಗ ಯಮ, ಸಣ್ಣ ಹುಡುಗ, ಸಿಟ್ಟು ಬಂದು ಆಕೆಯ ಮೇಲೆ ಕಾಲೆತ್ತಿದ. ಛಾಯಾ ಶಾಪ ಹಾಕಿದಳು: ಆ ಕಾಲು ಉದುರಿಹೋಗಲಿ. ಹುಡುಗ ಅಳುತ್ತ ಅಪ್ಪನ ಹತ್ತಿರ ಓಡಿದ. ಆವಾಗ ಸೂರ್ಯನಿಗೆ ತಲೆಯಲ್ಲಿ ಬೆಳಕು ಬಿತ್ತು. ಹೆತ್ತವಳು ಮಗನಿಗೆ ಹೀಗೆ ಶಪಿಸುವುದಿಲ್ಲ, ಇವಳು ತಾಯಿಯಲ್ಲ.

ನಮ್ಮ ಮನೆಯ ಸಂಗತಿ ಪಂಡಿತರಿಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ. ಹೇಳಿಬಿಡುತ್ತೇನೆ.

ನನ್ನ ಅವ್ವ ನಮ್ಮಪ್ಪನಿಗೆ ಎರಡನೇ ಹೆಂಡತಿ. ಅಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯೊಂದರಲ್ಲಿ ಕಾರಕೂನರಾಗಿದ್ದರು. ಮೊದಲನೆಯ ಹೆಂಡತಿ ನೀಲಮ್ಮ, ಮಗ ಶರಣಪ್ಪನಿಗೆ ಒಂದು ವರ್ಷವಿದ್ದಾಗ ಜ್ವರದಿಂದ ತೀರಿಹೋದಳು. ಮುಂದಿನ ವರ್ಷ ಅವ್ವ ಆ ಮನೆಗೆ ಬಂದಳು. ಅವಳು ಹೆತ್ತದ್ದು ನನ್ನೊಬ್ಬಳನ್ನೇ. ನಮ್ಮ ಓಣಿಯಲ್ಲಿ ಅವ್ವನಿಗೆ ಹೆಸರೇ ಇರಲಿಲ್ಲ, "ಎರಡನೇಕಿ" ಅಷ್ಟೆ. ಮುಖದ ಮುಂದೆ ಅಲ್ಲ, ಬೆನ್ನ ಹಿಂದೆ.

ಅಂಥ ಮನೆಯಲ್ಲಿ ಹುಟ್ಟಿದ ಹೆಣ್ಣು ಮಗುವಿಗೆ, ಬಿಟ್ಟುಹೋದ ಹೆಂಡತಿಯ ಜಾಗದಲ್ಲಿ ಕೂತವಳ ಹೆಸರಿಟ್ಟವರು ಯಾರು? ಅವ್ವನನ್ನು ಚುಚ್ಚುವುದಕ್ಕೇ ಇಟ್ಟರೇ? ನನ್ನನ್ನು ಕರೆದಾಗಲೆಲ್ಲ ಅವಳಿಗೆ "ನೀನು ನೆರಳು" ಎಂದು ಚುಚ್ಚಲಿ ಎಂದೇ? ಅಪ್ಪನ ಮೇಲೆ, ತೀರಿಕೊಂಡು ಆರು ವರ್ಷವಾದ ಮೇಲೆ, ನನಗೆ ಸಿಟ್ಟು ಬಂತು.

ಅಣ್ಣ ಶರಣಪ್ಪನ ಜೊತೆಗಿದ್ದ ಅವ್ವನನ್ನು ಕೇಳಲು ನೆಪವೂ ಸಿಕ್ಕಿತು. ಅಣ್ಣನಿಗೆ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಇಷ್ಟು ವರ್ಷ ಶಹಾಬಾದಿನಿಂದಲೇ ಹೋಗಿ ಬರುತ್ತಿದ್ದ. ಈಗ ಕ್ವಾರ್ಟರ್ಸ್ ಸಿಕ್ಕಿದೆ, ಭಾನುವಾರ ಮನೆ ಬದಲಿಸುತ್ತೇವೆ, ಬಂದು ಹೋಗು ಎಂದು ಕಾರ್ಡ್ ಬರೆದಿದ್ದ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಪ್ಯಾಸೆಂಜರ್ ಹತ್ತಿದೆ. ಚಿಂಚೋಳಿಯಲ್ಲಿ ನೌಕರಿ ಮಾಡುವ ನಮ್ಮ ಮನೆಯವರು ವಾರಕ್ಕೊಮ್ಮೆ ಬರುವ ದಿನ ಅದು. "ಹೆಸರಿನ ಅರ್ಥ ಹುಡುಕಿದ್ರ ಪ್ರಮೋಷನ್ ಸಿಗ್ತದೇನು?" ಎಂದು ನಕ್ಕರು. ಡಬ್ಬಿಯಲ್ಲಿ ರೊಟ್ಟಿ ಇದೆ, ಅರ್ಥ ಆಮೇಲೆ ಹುಡುಕೋಣ ಎಂದು ಹೇಳಿ ಬಂದೆ.

ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿಗೆ ಕಾಯುವಾಗ ಯೋಚಿಸಿದೆ. ಆ ಕತೆಯಲ್ಲಿ ನನಗೊಂದು ಹಿಡಿಸಿರಲಿಲ್ಲ. ಹೆತ್ತವಳು ಮಗನಿಗೆ ಶಾಪ ಹಾಕುವುದಿಲ್ಲವಂತೆ. ಸೂರ್ಯದೇವರು ನಮ್ಮ ಶಹಾಬಾದಿನವನಲ್ಲ ಬಿಡಿ.

ಹೊರಗಿನವರಿಗೆ ಇದನ್ನು ಹೇಗೆ ತಿಳಿಸುವುದು? ನಮ್ಮ ಓಣಿಯ ತಾಯಂದಿರು ಮಕ್ಕಳನ್ನು ಎಬ್ಬಿಸುವುದೇ ಬೈಗುಳದಿಂದ. "ಏಳ, ನಿನ್ನ ಹೆಣಾ ಎತ್ಲಿ, ಬಿಸಿಲ ನೆತ್ತಿಗೆ ಬಂತು." ಉಣ್ಣಲು ಕರೆಯುವುದೂ ಹಾಗೇ. "ಬಾ ಖೋಡಿ, ರೊಟ್ಟಿ ಆರಲಿಕತ್ತಾವ." ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅವ್ವ ಮೊದಲು ಅಂದದ್ದು, "ನಿನ್ನ ಬಾಯಾಗ ಮಣ್ಣ ಹಾಕ್ಲಿ, ಮೊದಲೇ ಹೇಳಬಾರದೇನು, ಮೂಳಿ" ಎಂದು. ಆಮೇಲೆ ಹುಗ್ಗಿ ಮಾಡಿದಳು. ಬೈಗುಳ ಕೇಳಿ ಯಾವ ಮಗುವೂ ಅಳುವುದಿಲ್ಲ. ಬೈಯದ ದಿನ ಅವ್ವನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡುತ್ತೇವೆ.

ಆದರೆ ನಮ್ಮ ಮನೆಯಲ್ಲಿ ಬೈಗುಳವೆಲ್ಲ ನನಗೇ. ಅಣ್ಣನಿಗೆ ಒಂದೂ ಇಲ್ಲ. ಅವನಿಗೆ "ಬಾರಪ್ಪ, ಕುಂದ್ರಪ್ಪ, ಊಟಾ ಮಾಡಪ್ಪ." ಇದು ನನಗೆ ಬಾಲ್ಯದಿಂದ ಇದ್ದ ತಕರಾರು. ಒಂದು ಸಲ ಇಬ್ಬರೂ ಕೂಡಿ, ಕೆಲಸ ನಿಂತ ಹಳೇ ಗಣಿಯಲ್ಲಿ ತುಂಬಿದ್ದ ನೀರಿಗೆ ಇಳಿದಿದ್ದೆವು. ನನಗೆ ಎಂಟು, ಅವನಿಗೆ ಹನ್ನೆರಡು. ನಾನು ದಂಡೆಯಲ್ಲೇ ಉಳಿದೆ. ಅವನು ಒಳಗೆ ಹೋಗಿ ಎರಡು ಸಲ ಮುಳುಗಿದ. ಕಲ್ಲು ಒಡೆಯುವವರು ಎಳೆದು ಹಾಕಿ, ಇಬ್ಬರನ್ನೂ ಮನೆಗೆ ತಂದು ಬಿಟ್ಟರು. ಅವ್ವ ನನ್ನ ಬೆನ್ನಿಗೆ ನಾಲ್ಕು ಬಾರಿಸಿದಳು, ಏಳು ಹುಟ್ಟಿಗೆ ಸಾಲುವಷ್ಟು ಬೈದಳು. ಅಣ್ಣನಿಗೆ? ತಲೆ ಒರೆಸಿದಳು, ಒಣ ಅಂಗಿ ಕೊಟ್ಟಳು, ಬಿಸಿ ಹಾಲಿಗೆ ಬೆಲ್ಲ ಹಾಕಿ ಕೈಗಿಟ್ಟಳು. ಆ ಹಾಲಿನ ಹೊಟ್ಟೆಕಿಚ್ಚು ನನಗೆ ಇಪ್ಪತ್ತನಾಲ್ಕು ವರ್ಷ ಇತ್ತು. ನಗಬೇಡಿ. ನಿಮ್ಮದೂ ಒಂದು ಇದ್ದೇ ಇರುತ್ತದೆ.

ಭಾನುವಾರ ಬೆಳಿಗ್ಗೆ ಶಹಾಬಾದಿನ ಮನೆಯಲ್ಲಿ ಅರ್ಧ ಸಾಮಾನು ಅಂಗಳದಲ್ಲಿತ್ತು, ಬಾಡಿಗೆ ಟೆಂಪೋ ಬಂದು ನಿಂತಿತ್ತು. ಅಣ್ಣ, ವೈನಿ, ಇಬ್ಬರು ಮಕ್ಕಳು ಗಂಟು ಕಟ್ಟುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಹಳೇ ಸೀರೆ ಸುತ್ತುತ್ತಿದ್ದಳು. ಬಾಗಿಲ ಹತ್ತಿರ ಅವಳ ಟ್ರಂಕ್, ಬೀಗ ಹಾಕಿ ಬೇರೆಯೇ ಇಟ್ಟಿತ್ತು.

"ಇದ್ಯಾಕ ಇಲ್ಲೇ ಅದ, ಅವ್ವ? ಟೆಂಪೋಕ್ಕ ಹಾಕಂಗಿಲ್ಲೇನು?"

"ಅದು ನಿನ್ನ ಜೋಡಿ ಬರ್ತದ. ನಾ ಸೇಡಂಕ್ಕ ಬರ್ತೀನಿ."

"ಅಣ್ಣ ಕರೀಲಿಲ್ಲೇನು?"

"ಅವ ಯಾಕ ಬ್ಯಾಡ ಅಂತಾನ? ದೊಡ್ಡ ಮನಸಿನವ. ನಾನೇ ಕೇಳ್ಲಿಲ್ಲ." ಭರಣಿಯ ಬಾಯಿಗೆ ಹುರಿ ಬಿಗಿದಳು. "ಇರೂದೇ ಎರಡು ಖೋಲಿ ಅಂತ. ನಾ ಯಾಕ ತ್ರಾಸ ಕೊಡ್ಲಿ? ನಿನ್ನ ಮನಿಯಾಗ ಆದ್ರ ನನ್ನ ಬಾಯಿ ಸೈಲ ಇರ್ತದ, ಕಟಗೊಂಡಿರೂದು ಬ್ಯಾಡ."

ಅಣ್ಣನ ಮಕ್ಕಳನ್ನು ಎತ್ತಿ ಆಡಿಸಿದವಳು, ಅಪ್ಪ ಹೋದ ಮೇಲೂ ಆರು ವರ್ಷ ಅವನ ಮನೆಯಲ್ಲಿದ್ದವಳು, ಹೀಗೆ ಯಾರಿಗೂ ಹೇಳದೆ ತನ್ನ ಗಂಟು ಬೇರೆ ಕಟ್ಟಿಟ್ಟಿದ್ದಾಳೆ. ಇವತ್ತು ಈ ಟ್ರಂಕ್ ನನ್ನ ಜೊತೆ ರೈಲು ಹತ್ತಿತೆಂದರೆ ಮತ್ತೆ ಅಣ್ಣನ ಮನೆಗೆ ಬರುವುದು ಹಬ್ಬಕ್ಕೆ ಮಾತ್ರ, ಅತಿಥಿಯ ಹಾಗೆ. ಅವಳು ನನ್ನ ಜೊತೆ ಬಂದರೆ ನನಗೇನು, ಸಂತೋಷವೇ. ಆದರೆ ಇದು ಹಾಗೆ ಬರುವುದಲ್ಲ.

ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದೆ. "ಅವ್ವ, ನನಗ ಛಾಯಾ ಅಂತ ಹೆಸರಿಟ್ಟವರು ಯಾರು?"

"ನಾನೇ."

ಅಷ್ಟು ಸರಳವಾಗಿ ಅಂದಳು. ನಾನು ಅಪ್ಪನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಕೂತೆ.

"ಎಲ್ಲರೂ ನೀಲಮ್ಮ ಅಂತ ಇಡೂಣು ಅಂದ್ರು. ಸತ್ತಾಕಿ ಹೆಸರು ಉಳೀತದ ಅಂತ. ನಾ ಒಲ್ಲೆ ಅಂದೆ. ಆಕಿ ಹೆಸರಿಟ್ರ ಮುಂದ ನಿನಗ ಬೈಲಿಕ್ಕಾಗ್ತದೇನು? ತೊಟ್ಟಿಲದಾಗ ಹಾಕೂ ಮೊದಲ ನಿಮ್ಮ ಸೋದರತ್ತಿ ಕಿವ್ಯಾಗ ನಾನೇ ಹೇಳಿದ್ದೆ, ಛಾಯಾ ಅನ್ರಿ ಅಂತ. ಆಕಿ ನಿನ್ನ ಕಿವ್ಯಾಗ ಅದನ್ನೇ ಅಂದ್ಳು."

"ಆ ಹೆಸರಿನ ಕತಿ ನಿನಗ ಗೊತ್ತಿತ್ತೇನು?"

"ಗೊತ್ತಿಲ್ದೇನು?"

ಅವ್ವ ಕೈಯಲ್ಲಿದ್ದ ಭರಣಿ ಕೆಳಗಿಟ್ಟಳು. ನಾನು ಹೊಟ್ಟೆಯಲ್ಲಿದ್ದಾಗ ಹನುಮಪ್ಪನ ಗುಡಿಯಲ್ಲಿ ಶನಿವಾರಕ್ಕೊಮ್ಮೆ ಶನಿದೇವರ ಕತೆ ಓದುತ್ತಿದ್ದರಂತೆ. ಓಣಿಯ ಹೆಂಗಸರ ನಡುವೆ ಅವ್ವ ಕೂತಿದ್ದಳು. ನಾಲ್ಕು ವರ್ಷದ ಅಣ್ಣ ಅವಳ ತೊಡೆಯ ಮೇಲೆ ಮಲಗಿದ್ದ. ಛಾಯಾ ಮಲಮಗನಿಗೆ ಶಾಪ ಹಾಕುವ ಜಾಗ ಬಂತು.

"ಎಲ್ಲಾ ಹೆಂಗಸರೂ ಹೊಳ್ಳಿ ನನ್ನ ಕಡಿ ನೋಡಿದ್ರು" ಅಂದಳು. "ಒಬ್ಬಾಕಿನೂ ಬಿಡಲಿಲ್ಲ. ನನ್ನ ಹೊಟ್ಟಿ ನೋಡಿದ್ರು, ತೊಡಿ ಮ್ಯಾಲಿನ ಕೂಸಿನ ನೋಡಿದ್ರು. ಆವತ್ತೇ ಹನುಮಪ್ಪನ ಮುಂದ ಆಣಿ ಮಾಡಿದೆ. ಈ ಕೂಸಿಗೆ ಒಂದು ಕೆಟ್ಟ ಮಾತು ಅನ್ನಂಗಿಲ್ಲ. ಮರೀಬಾರದಲ್ಲ? ಅದಕ್ಕ ನಿನಗ ಆ ಹೆಸರಿಟ್ಟೆ. ನಿನ್ನ ಕರದಾಗೆಲ್ಲಾ ನೆನಪಾಗ್ತದ."

ನೆನಪಿರಲಿ ಎಂದು ಹೆಂಗಸರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರಲ್ಲ? ನಾನು ಆ ಗಂಟು. ನನ್ನ ಹೆಸರು ನನಗಾಗಿ ಇಟ್ಟದ್ದೇ ಅಲ್ಲ. ದುಃಖವಾಯಿತು, ಸುಳ್ಳು ಯಾಕೆ ಹೇಳಲಿ? ಜೊತೆಗೆ ಈ ಹೆಂಗಸಿನ ಮೇಲೆ ಎಂಥದೋ ಹೆಮ್ಮೆಯೂ ಉಕ್ಕಿತು. ಅಕ್ಷರ ಬಾರದವಳು, ಒಂದು ಪುರಾಣ ಕೇಳಿ, ಅದರಲ್ಲಿ ತನ್ನ ತಪ್ಪು ಆಗುವ ಮೊದಲೇ ಕಂಡು, ಮೂವತ್ತೆರಡು ವರ್ಷ ನಾಲಿಗೆಗೆ ಬೀಗ ಹಾಕಿಕೊಂಡವಳು. ಪುರಾಣ ಕೇಳಿ ನಾವು ಕೈ ಮುಗಿಯುತ್ತೇವೆ, ಪ್ರಸಾದ ತಿನ್ನುತ್ತೇವೆ, ಮನೆಗೆ ಬರುತ್ತೇವೆ. ಇಷ್ಟು ಮಾಡಿದವರನ್ನು ನೀವು ನೋಡಿದ್ದೀರಾ?

ಎದ್ದು ಹೊರಗೆ ಬಂದೆ. ಅಣ್ಣ ಕಟ್ಟೆಯ ಮೇಲೆ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ.

"ಅವ್ವ ನನ್ನ ಜೋಡಿ ಹೊಂಟಾಳ. ನಿನಗ ಗೊತ್ತದೇನು?"

"ಟ್ರಂಕ್ ನೋಡೀನಿ."

"ಮತ್ತ ಸುಮ್ಮ ಕುಂತೀ? ಬರ್ರಿ ಅಂತ ಒಂದು ಮಾತು ಅನ್ನಲಿಕ್ಕೇನು ಧಾಡಿ?"

ಹಗ್ಗ ನೋಡುತ್ತಲೇ ಅಂದ: "ನಾ ಹ್ಯಾಂಗ ಅನ್ಲಿ, ತಂಗಿ? ನಿನ್ನ ಅವ್ವ ಆಕಿ. ಮಗಳ ಮನಿಗೆ ಹೋಗ್ತೀನಿ ಅಂದ್ರ ಬ್ಯಾಡ ಅನ್ನಲಿಕ್ಕೆ ನಾ ಯಾರು?"

"ನಿನಗೇನು ಕಡಿಮಿ ಮಾಡ್ಯಾಳ ಆಕಿ?" ನನ್ನ ದನಿ ಏರಿತು. "ಒಂದ್ ಸಲಾರ ಬೈದಾಳೇನು?"

"ಅದೇ ಮತ್ತ." ಹಗ್ಗ ಕೆಳಗಿಟ್ಟ. "ಒಂದ್ ಸಲಾನೂ ಬೈಲಿಲ್ಲ."

ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ, ಮೂವತ್ತಾರು ವರ್ಷದ ಗಂಡಸು, ಮೀಸೆಯಲ್ಲಿ ಎರಡು ಬಿಳಿ ಕೂದಲು ಬಂದವನು.

"ಆ ಗಣ್ಯಾಗ ಬಿದ್ದ ದಿನ ನೆನಪದ ಏನು? ನಿನಗ ಬಡದ್ಳು, ಬೈದ್ಳು, ಬೈಕೋತ ಅತ್ಳು. ಸಿಟ್ಟಿಲೆ ನಿನ್ನ ಅಪ್ಪಿಕೊಂಡ್ಳು. ಸಾಯಲಿಕ್ಕೆ ಹೊಂಟವ ನಾನು. ನನಗ ಟಾವೆಲ್ ಕೊಟ್ಳು, ಹಾಲು ಕೊಟ್ಳು. ಮನಿಗೆ ಬಂದ ಬೀಗರಿಗೆ ಕೊಟ್ಟಂಗ. ನಾ ಸತ್ರೂ ಇಕಿಗೆ ಸಿಟ್ಟು ಬರಂಗಿಲ್ಲ ಅನಸ್ತು. ಹಾಲು ಕುಡೀಲಿಲ್ಲ ನಾ. ಹಿತ್ತಲದಾಗ ಬೇವಿನ ಗಿಡದ ಬುಡಕ್ಕ ಸುರದೆ. ಓಣ್ಯಾಗ ಎಲ್ಲಾ ಹುಡುಗರಿಗೂ ಅವರವ್ವ ಬೈತಿದ್ಳು. ನನಗ ಬೈಯವರೇ ಇದ್ದಿಲ್ಲ."

ನನ್ನ ಹೊಟ್ಟೆಕಿಚ್ಚಿನ ಹಾಲು ಬೇವಿನ ಮರಕ್ಕೆ ಹೋಗಿತ್ತು. ನಾನು ಅವನ ಹಾಲಿಗೆ ಅತ್ತೆ, ಅವನು ನನ್ನ ಏಟಿಗೆ ಅತ್ತ. ಒಂದೇ ಮನೆಯಲ್ಲಿ, ಒಂದೇ ಮಧ್ಯಾಹ್ನ.

ಆ ಕತೆಯ ಸೂರ್ಯನಿಗೆ, ಶಾಪ ಕೇಳಿ ಇವಳು ತಾಯಿಯಲ್ಲ ಎಂದು ತಿಳಿಯಿತು. ನಮ್ಮ ಶಹಾಬಾದಿನ ಹುಡುಗನಿಗೆ ಅದೇ ಮಾತು ಶಾಪ ಕೇಳದೆ ತಿಳಿಯಿತು. ಗುಡಿಯಲ್ಲಿ ಹೊರಳಿ ನೋಡಿದ ಆ ಹೆಂಗಸರ ಕಣ್ಣಿಗೆ ಹೆದರಿ ಅವ್ವ ಅಷ್ಟು ನಾಜೂಕಾಗಿ ಸಾಕಿದಳು. ಆ ನಾಜೂಕೇ ಅವನನ್ನು ಪರಕೀಯ ಮಾಡಿತು. ಪುರಾಣ ಬರೆದವರು ನಮ್ಮ ಓಣಿಗೆ ಒಮ್ಮೆ ಬಂದು ಹೋಗಬೇಕಿತ್ತು.

ನಾನೇನು ಸುಮ್ಮನಿರುವವಳೇ? ಅವ್ವನ ಆಣೆಯನ್ನು ಅಣ್ಣನಿಗೆ ಹೇಳಿದೆ. ಅವನು ಟೆಂಪೋ ಹತ್ತಿ ಹಗ್ಗ ಬಿಗಿಯತೊಡಗಿದ. ಅಡುಗೆಮನೆಗೆ ಹೋಗಿ ಅಣ್ಣನ ಮಾತನ್ನು ಅವ್ವನಿಗೆ ಹೇಳಿದೆ. ಅವಳು ಭರಣಿಯ ಪಕ್ಕದಲ್ಲಿ ಕೂತಳು.

"ಇಷ್ಟು ವರ್ಷ ಬಾಯಿ ಕಟಗೊಂಡು ಇದ್ದೆ" ಅಂದಳು. "ಎಷ್ಟ್ ಸಲ ನಾಲಿಗಿ ತುದಿ ತನಕ ಬಂದದ. ನುಂಗೀನಿ. ಅದೇ ತಪ್ಪಾತೇನು?"

"ತಪ್ಪಲ್ಲ, ಅವ್ವ. ಅವಗ ಬೇರೆ ಕಂಡದ, ಅಷ್ಟೇ."

"ಈಗೇನು ಮಾಡ್ಲಿ?"

"ಹೋಗಿ ಬೈ."

ಅವ್ವ ನನ್ನನ್ನು ನೋಡಿದಳು. ಕಣ್ಣೊರೆಸಿದಳು. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳು. ನಾನು ಹಿಂದೆ. ವೈನಿ ಕೊಡ ಹಿಡಿದುಕೊಂಡೇ ನಿಂತಳು.

"ಶರಣಪ್ಪ, ಕೆಳಗ ಇಳಿ."

ಅಣ್ಣ ಟೆಂಪೋದಿಂದ ಇಳಿದ. ಅವಳ ಮುಂದೆ ಬಂದು ನಿಂತ. ಅವ್ವ ಅವನ ಮುಖ ನೋಡಿದಳು. ಉಸಿರು ತೆಗೆದುಕೊಂಡಳು.

"ನಿನ್ನ..." ಅಂದಳು.

ಕಾದೆವು.

"ನಿನ್ನ... ನಿನ್ನ..." ಓಣಿಗೇ ಹೆಸರಾದ ನಾಲಿಗೆ ಅದು, ದಿನಕ್ಕೆ ನೂರು ಸಲ ನನ್ನ ಹೆಣ ಎತ್ತಿಸಿದ ನಾಲಿಗೆ. ಕೊನೆಗೆ ಹೊರಗೆ ಬಂದದ್ದು ಇಷ್ಟು: "ನಿನ್ನ ನಾಷ್ಟಾ ಆತೇನಪ್ಪ?"

ವೈನಿ ಕೊಡ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನೂ ನಕ್ಕೆ. ಅಣ್ಣ ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತ. ಕೂತವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿದ್ದುದು ನಗುವಿಗಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಅವನ ತಲೆಯ ಮೇಲೆ ಕೈಯಿಟ್ಟು, "ನಂಗ ಬರವಲ್ದಪ್ಪ" ಅಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಆಮೇಲೆ ಅಣ್ಣ ಎದ್ದ. ಒಳಗೆ ಹೋಗಿ ಟ್ರಂಕ್ ಎತ್ತಿಕೊಂಡು ಬಂದು ಟೆಂಪೋಕ್ಕೆ ಹಾಕಿದ.

"ಅದು ಸೇಡಂಕ್ಕ ಹೋಗೂದಪ್ಪ" ಅಂದಳು ಅವ್ವ.

"ವಾಡಿಗೆ ಹೋಗ್ತದ" ಅಂದ. "ಬೈಲಿಕ್ಕೆ ಬರಂಗಿಲ್ಲ ಅಂದ್ರ ದಿನಾ ಕುಂತು ಕಲೀಬೇಕಾಗ್ತದ."

ಅವ್ವ ನನ್ನ ಕಡೆ ತಿರುಗಿದಳು. "ಎಲ್ಲಾ ನೀ ಮಾಡಿದ್ದೇ, ಮೂಳಿ. ನಿನ್ನ ಬಾಯಾಗ ಮಣ್ಣ ಹಾಕ್ಲಿ. ಹೆಸರ ಕೇಳಲಿಕ್ಕೆ ಬಂದಾಳಂತ ಹೆಸರ." ಒಂದೂ ಕಡೆ ತಡವರಿಸಲಿಲ್ಲ. ಅಣ್ಣ ಟೆಂಪೋದ ಮೇಲಿನಿಂದ ನನ್ನನ್ನು ನೋಡುತ್ತಿದ್ದ. ಅವನ ಮುಖದಲ್ಲಿದ್ದದ್ದು ಏನೆಂದು ನನಗೆ ಮೊದಲ ಸಲ ಗೊತ್ತಾಯಿತು. ಅವನ ಹಾಲನ್ನು ನಾನೂ ಹೀಗೇ ನೋಡಿದ್ದೆ.

ಸೋಮವಾರ ಸಾಕಮ್ಮ ಮತ್ತೆ ಕೇಳಿದಳು. ನಾನು ಸಂಜ್ಞಾ, ಛಾಯಾ, ಯಮ, ಸೂರ್ಯ, ಎಲ್ಲ ಕತೆಯನ್ನೂ ಹೇಳಿದೆ. ಶಾಪದ ಜಾಗ ಬಂದಾಗ ಕ್ಲಾಸಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಕಮ್ಮ ಕೈ ಎತ್ತಿದಳು. "ಅಷ್ಟಕ್ಕೇ ತಾಯಿ ಅಲ್ಲ ಅಂದ್ರೇನ್ರಿ? ನಮ್ಮವ್ವ ಮುಂಜಾನಿಂದ ಎರಡು ಸಲ ನನ್ನ ಸುಡುಗಾಡಕ್ಕ ಕಳಿಸ್ಯಾಳ." ಪಂಡಿತರಿಗೆ ಈ ಹುಡುಗಿಯನ್ನು ಪರಿಚಯ ಮಾಡಿಸಬೇಕು.

ಗುರುವಾರ ವಾಡಿಯಿಂದ ಕಾರ್ಡ್ ಬಂತು. ಅಣ್ಣನ ಅಕ್ಷರ. ಕ್ವಾರ್ಟರ್ಸ್ ಚೆನ್ನಾಗಿದೆ, ನೀರು ಎರಡು ಹೊತ್ತು ಬರುತ್ತದೆ, ಧೂಳು ಭಾಳ. ಕೆಳಗೆ, ಜಾಗ ಸಾಲದೆ ಸಣ್ಣದಾಗಿ ಬರೆದಿದ್ದ: "ಮಂಗಳವಾರ ಮರತು ಒಲಿ ಮ್ಯಾಲಿನ ಹಾಲು ಉಕ್ಕಿಸಿಬಿಟ್ಟೆ. ಅವ್ವ ನನಗ ಖೋಡಿ ಅಂದ್ಳು. ಸಣ್ಣ ದನಿಲೆ ಅಂದ್ಳು, ಆದ್ರ ಅಂದ್ಳು. ನಿನಗ ತಿಳಿಸಬೇಕಂತ ಬರದೀನಿ."

ನಿಮ್ಮ ಮನೆಯಲ್ಲಿ ಒಮ್ಮೆಯೂ ಬೈಸಿಕೊಳ್ಳದೆ ಬೆಳೆದವರು ಯಾರಿದ್ದಾರೆ?